ನ್ಯಾಯಬೆಲೆಯ ಲೆಕ್ಕ ಮರದ ಬುಡದಿಂದಲೇ ಆರಂಭವಾಗಲಿ

ಅಡಿಕೆಗೆ ನ್ಯಾಯಬೆಲೆ ಬೇಕು. ವಿದೇಶೀ ಕಾಳುಮೆಣಸಿನ ಆಮದಿಗೆ ಕಡಿವಾಣ ಬೇಕು. ಸಾವಯವ ಬೆಳೆಗೆ ತಕ್ಕ ಮನ್ನಣೆ ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಬೆಳೆಗಾರರು ಸೇರುವ ಯಾವ ಸಭೆಗೆ ಹೋದರೂ ಈ ಬೇಡಿಕೆಗಳು ಕೇಳಿಬರುತ್ತವೆ. ಇವುಗಳಲ್ಲಿ ಒಂದೂ ಅನ್ಯಾಯದ ಬೇಡಿಕೆಯಲ್ಲ. ವರ್ಷವಿಡೀ ಮಣ್ಣಿನೊಡನೆ ಗುದ್ದಾಡಿದವನಿಗೆ ಸಿಗುವ ದರವನ್ನು ದೂರದ ಊರಿನ ವ್ಯಾಪಾರಿ ದೂರವಾಣಿಯಲ್ಲಿ ನಿರ್ಧರಿಸುವ ವ್ಯವಸ್ಥೆಯನ್ನು ಪ್ರಶ್ನಿಸಲೇಬೇಕು. ಆದರೆ ಈ ಸಭೆಗಳಲ್ಲಿ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ವೇದಿಕೆಯ ಮೇಲಾಗಲಿ, ಮುಂದಿನ ಸಾಲಿನಲ್ಲಾಗಲಿ ಕೊನೆಗೌಡ ಕಾಣಿಸುವುದಿಲ್ಲ. ಅಡಿಕೆ ಸುಲಿಯುವ ಹೆಂಗಸರು ಕಾಣಿಸುವುದಿಲ್ಲ. ಸಭೆಯ ನಿರ್ಣಯದಲ್ಲಿ ‘ಕೂಲಿಯಾಳುಗಳ ಕೊರತೆ’ ಎಂಬ ಒಂದು ಸಾಲಿನೊಳಗೆ ಮಾತ್ರ ಅವರು ಇಣುಕುತ್ತಾರೆ. ಅದೂ ಬೆಳೆಗಾರನ ಒಂದು ಸಂಕಷ್ಟವಾಗಿ.

ಪೇಟೆಯಿಂದ ನ್ಯಾಯ ಕೇಳುವವರು ತಮ್ಮ ಅಂಗಳದ ನ್ಯಾಯವನ್ನೂ ಜೊತೆಗೇ ಮಾತನಾಡಬೇಕು ಎಂಬುದೇ ಈ ಲೇಖನದ ವಾದ. ಹಾಗೆ ಮಾಡದಿದ್ದರೆ ನಮ್ಮ ಬೇಡಿಕೆಗೆ ನೈತಿಕ ಬಲವಿರುವುದಿಲ್ಲ. ಅಷ್ಟೇ ಅಲ್ಲ, ನಾವು ಉಳಿಸಬೇಕೆಂದಿರುವ ಬೆಟ್ಟ, ತೋಟ, ಹಳ್ಳಗಳೂ ಉಳಿಯುವುದಿಲ್ಲ.

ಕೈಗಳ ಲೆಕ್ಕ

ಒಂದು ಕ್ವಿಂಟಲ್ ಅಡಿಕೆ ವಖಾರಿ ಸೇರುವ ಮುನ್ನ ಎಷ್ಟು ಕೈಗಳನ್ನು ದಾಟುತ್ತದೆ ಎಂದು ಎಣಿಸಿ ನೋಡೋಣ. ಬೆಟ್ಟದಿಂದ ಸೊಪ್ಪು, ದರಕು ಹೊತ್ತು ತರುವ ಕೈ. ಗೊಬ್ಬರವನ್ನು ಮರದ ಬುಡಕ್ಕೆ ಹಾಕಿ ಮಣ್ಣು ಮುಚ್ಚುವ ಕೈ. ಕಾದಿಗೆಯ ಹೂಳೆತ್ತುವ ಕೈ. ಮಳೆಗಾಲದಲ್ಲಿ ಮರವೇರಿ ಕೊಟ್ಟೆ ಕಟ್ಟುವ ಅಥವಾ ಮದ್ದು ಹೊಡೆಯುವ ಕೈ. ಹಂಗಾಮಿನಲ್ಲಿ ಕೊನೆ ಕೊಯ್ಯುವ ಕೈ. ಕೆಳಗೆ ಹಗ್ಗ ಹಿಡಿದು ಅದನ್ನು ಇಳಿಸಿಕೊಳ್ಳುವ ಕೈ. ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಸುಲಿಯುವ ಕೈ. ಹಂಡೆಗೆ ಬೆಂಕಿ ಒಟ್ಟಿ ಚೊಗರಿನ ಹದ ನೋಡುವ ಕೈ. ಬಿಸಿಲಿಗೆ ಹರಡಿ, ಒಣಗಿಸಿ, ಆರಿಸಿ ವಿಂಗಡಿಸುವ ಕೈ. ಈ ಕೈಗಳಲ್ಲಿ ಕೆಲವು ಮನೆಯವರವೇ ಆಗಿರಬಹುದು. ಸಣ್ಣ ಹಿಡುವಳಿಯ ಮನೆಗಳಲ್ಲಿ ಅರ್ಧಕ್ಕರ್ಧ ಕೆಲಸವನ್ನು ಮನೆಯ ಹೆಂಗಸರೂ ಗಂಡಸರೂ ಸೇರಿ ಮಾಡುತ್ತಾರೆ, ನಿಜ. ಆದರೆ ಅತ್ಯಂತ ಎತ್ತರದ, ಅತ್ಯಂತ ಭಾರದ, ಅತ್ಯಂತ ಬೇಸರದ ಕೆಲಸಗಳು ಬಹುತೇಕ ಕೂಲಿಯವರ ಪಾಲಿಗೇ ಬರುತ್ತವೆ.

2019ರಲ್ಲಿ ‘ಸಿರ್ಸಿ ಸುಪಾರಿ’ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ ಬೇರೆಲ್ಲೂ ಇಲ್ಲದ ರುಚಿ ಇದೆ, ಅದು ಇಲ್ಲಿನ ಮಣ್ಣು, ಹವೆ ಮತ್ತು ಸಂಸ್ಕರಣೆಯ ಕೌಶಲದಿಂದ ಬಂದಿದೆ ಎಂಬುದು ಆ ಮಾನ್ಯತೆಯ ತಿರುಳು. ನಾವೆಲ್ಲರೂ ಹೆಮ್ಮೆಪಟ್ಟೆವು. ಆದರೆ ಆ ಕೌಶಲ ಯಾರದು? ಕಾಯಿ ಬಲಿತಿದೆಯೋ ಇಲ್ಲವೋ ಎಂಬುದನ್ನು ಮರದ ತುದಿಯಲ್ಲಿ ಒಂದು ಕ್ಷಣದಲ್ಲಿ ನಿರ್ಧರಿಸುವವನು ಕೊನೆಗೌಡ. ಗೋಟು ಯಾವುದು, ಚಾಲಿಗೆ ಯೋಗ್ಯವಾದದ್ದು ಯಾವುದು, ರಾಶಿಗೆ ಹೋಗಬೇಕಾದದ್ದು ಯಾವುದು ಎಂದು ಬೆರಳ ತುದಿಯಿಂದಲೇ ಅರಿಯುವವಳು ಸುಲಿಯುವ, ಆರಿಸುವ ಹೆಂಗಸು. ಮಾನ್ಯತೆ ಊರಿನ ಹೆಸರಿಗೆ ಬಂತು. ಅದರಿಂದ ಬರುವ ಹೆಚ್ಚಿನ ದರದಲ್ಲಿ ಈ ಕೈಗಳಿಗೆ ಎಷ್ಟು ಪಾಲೆಂದು ಯಾರೂ ಕೇಳಲಿಲ್ಲ.

ಜಗತ್ತು ಕಲಿತ ಪಾಠ

‘ನ್ಯಾಯಯುತ ವ್ಯಾಪಾರ’ ಎಂಬ ಮಾತು ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಪರಿಚಿತವಾಗಿರಬಹುದು. ಬಡ ದೇಶಗಳ ಬೆಳೆಗಾರರಿಗೆ ಕುಸಿಯದ ಕನಿಷ್ಠ ಬೆಲೆ, ಅದರ ಮೇಲೆ ಸಮುದಾಯದ ಕೆಲಸಗಳಿಗಾಗಿ ಒಂದಿಷ್ಟು ಹೆಚ್ಚುವರಿ ಹಣ, ಪ್ರತಿಯಾಗಿ ಕೆಲವು ನಿಯಮಗಳ ಪಾಲನೆ, ಇವು ಆ ವ್ಯವಸ್ಥೆಯ ಮೂಲ ಅಂಶಗಳು. 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ ಇಂಥ ಮೊದಲ ಮುದ್ರೆ ಬಿತ್ತು. ಅದಕ್ಕೆ ‘ಮ್ಯಾಕ್ಸ್ ಹ್ಯಾವೆಲಾರ್’ ಎಂದು ಹೆಸರಿಟ್ಟರು. ಜಾವಾದಲ್ಲಿ ಡಚ್ಚರ ಆಡಳಿತ ರೈತರನ್ನು ಹಿಂಡಿದ ಕಥೆಯನ್ನು ಹೇಳುವ, 1860ರಲ್ಲಿ ಪ್ರಕಟವಾದ ಕಾದಂಬರಿಯ ಹೆಸರು ಅದು. ಮರುವರ್ಷವೇ, ಅಂದರೆ 1989ರಲ್ಲಿ, ಕಾಫಿ ರಫ್ತಿಗೆ ಪಾಲು ನಿಗದಿಮಾಡಿ ಬೆಲೆಯನ್ನು ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ಒಪ್ಪಂದದ ವ್ಯವಸ್ಥೆ ಮುರಿದುಬಿತ್ತು. ಬೆಲೆ ನೆಲಕಚ್ಚಿತು. ಆಗ ಅನೇಕ ಸಣ್ಣ ಬೆಳೆಗಾರರಿಗೆ ಈ ಮುದ್ರೆಯೇ ಊರುಗೋಲಾಯಿತು. ಅಂಥ ಕಾಫಿಗೆ ಕನಿಷ್ಠ ಬೆಲೆಯ ಮೇಲೆ ಪೌಂಡಿಗೆ 20 ಸೆಂಟ್ ಹೆಚ್ಚುವರಿ ಹಣ ಕೊಡುವ ಕ್ರಮ 2011ರಿಂದ ನಡೆದುಬಂದಿದೆ.

ಇದು ಒಳ್ಳೆಯ ಕೆಲಸವೇ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಲಂಡನ್ನಿನ ಸೋಯಾಸ್ ವಿದ್ಯಾಸಂಸ್ಥೆಯ ಸಂಶೋಧಕರು ಇಥಿಯೋಪಿಯಾ ಮತ್ತು ಉಗಾಂಡಾದಲ್ಲಿ ಕಾಫಿ, ಚಹ, ಹೂವು ಬೆಳೆಯುವ ಪ್ರದೇಶಗಳನ್ನು ಹಲವು ವರ್ಷ ಅಧ್ಯಯನ ಮಾಡಿ 2014ರಲ್ಲಿ ವರದಿ ಪ್ರಕಟಿಸಿದರು. ಅವರು ಕೇಳಿದ್ದು ಅದುವರೆಗೆ ಹೆಚ್ಚಿನವರು ಕೇಳದಿದ್ದ ಪ್ರಶ್ನೆ: ಮುದ್ರೆ ಪಡೆದ ಸಹಕಾರ ಸಂಘದ ಸದಸ್ಯನ ತೋಟದಲ್ಲಿ ಕೂಲಿ ಮಾಡುವವನ ಸ್ಥಿತಿ ಏನು? ಸಿಕ್ಕ ಉತ್ತರ ಮುಜುಗರದ್ದು. ಮುದ್ರೆ ಇರುವ ಕಡೆಗಳಲ್ಲಿ ಕೂಲಿಕಾರರ ಸಂಪಾದನೆ ಇತರೆಡೆಗಳಿಗಿಂತ ಉತ್ತಮವಾಗಿರಲಿಲ್ಲ. ಅನೇಕ ಕಡೆ ಕಡಿಮೆಯೇ ಇತ್ತು. ಹೆಚ್ಚುವರಿ ಹಣದಿಂದಾದ ಸೌಲಭ್ಯಗಳೂ ಅತ್ಯಂತ ಬಡವರಿಗೆ ಸರಿಯಾಗಿ ತಲುಪಿರಲಿಲ್ಲ. ಸಣ್ಣ ಬೆಳೆಗಾರರನ್ನು ದೊಡ್ಡ ತೋಟಗಳೊಂದಿಗೆ ಹೋಲಿಸಿದ್ದು ಸರಿಯಲ್ಲವೆಂದು ಮುದ್ರೆ ನೀಡುವ ಸಂಸ್ಥೆ ಆಕ್ಷೇಪಿಸಿತು. ಆ ಆಕ್ಷೇಪದಲ್ಲಿಯೂ ಹುರುಳಿರಬಹುದು. ಆದರೆ ಅಧ್ಯಯನವೆತ್ತಿದ ಪ್ರಶ್ನೆಯಿಂದ ಯಾರೂ ನುಣುಚಿಕೊಳ್ಳುವಂತಿಲ್ಲ. ಬೆಳೆಗಾರನಿಗೆ ಬಂದ ನ್ಯಾಯ ತಾನಾಗಿಯೇ ಕೆಳಕ್ಕೆ ಹರಿದು ಕೂಲಿಕಾರನನ್ನು ಮುಟ್ಟುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ನೀರಿಗಾದರೂ ಕಾದಿಗೆ ತೋಡಿದರೆ ಮಾತ್ರ ದಾರಿ ಸಿಗುತ್ತದೆ. ಹಣದ ಮಾತು ಹೇಳುವುದೇ ಬೇಡ.

ನಮ್ಮ ತೋಟದಲ್ಲೇ ಇರುವ ಎರಡು ಬೆಳೆಗಳು

ಇದು ಆಫ್ರಿಕದ ಮಾತು, ನಮಗೇನು ಎನ್ನುವವರಿಗಾಗಿ ನಮ್ಮ ಅಡಿಕೆ ಮರಗಳ ನಡುವೆಯೇ ಬೆಳೆಯುವ ಎರಡು ಬೆಳೆಗಳನ್ನು ನೆನಪಿಸಬಹುದು.

ಮೊದಲನೆಯದು ವೆನಿಲ್ಲಾ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಅಪ್ಪಳಿಸಿದ ಮೇಲೆ ಜಗತ್ತಿನಲ್ಲಿ ವೆನಿಲ್ಲಾ ಕೊರತೆ ಉಂಟಾಯಿತು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿನ ದರ ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ಮನೆಮನೆಯಲ್ಲೂ ಬಳ್ಳಿ ಹಬ್ಬಿತು, ತೋಟಕ್ಕೆ ಕಾವಲು ಬಂತು. ಎರಡು ಮೂರು ವರ್ಷಗಳಲ್ಲಿ ದರ ಪಾತಾಳಕ್ಕಿಳಿದು ಬಳ್ಳಿಗಳನ್ನು ಕೇಳುವವರಿಲ್ಲದಾಯಿತು. ಈ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಕಥೆ ಬೇರೆಯಿದೆ. ವೆನಿಲ್ಲಾ ಹೂವಿಗೆ ಬೆಳಗಿನ ಹೊತ್ತಿನಲ್ಲಿ ಒಂದೊಂದಕ್ಕೂ ಕೈಯಿಂದಲೇ ಪರಾಗಸ್ಪರ್ಶ ಮಾಡಿಸಬೇಕು. ಇಂದು ಜಗತ್ತಿನ ತೋಟಗಳಲ್ಲಿ ಬಳಕೆಯಲ್ಲಿರುವ ಆ ಸುಲಭ ವಿಧಾನವನ್ನು 1841ರಲ್ಲಿ ಕಂಡುಹಿಡಿದವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ. ಅವನ ಬೆರಳಿನ ಯುಕ್ತಿಯಿಂದ ದ್ವೀಪದ ತೋಟದೊಡೆಯರು ಶ್ರೀಮಂತರಾದರು. 1848ರಲ್ಲಿ ಗುಲಾಮಗಿರಿ ರದ್ದಾಗಿ ಅವನು ಬಿಡುಗಡೆ ಹೊಂದಿದರೂ ಬಡತನ ಬಿಡಲಿಲ್ಲ. 1880ರಲ್ಲಿ ಬಡವನಾಗಿಯೇ ಸತ್ತ. ವೆನಿಲ್ಲಾದ ಬೆಲೆ ಏರಿದಾಗಲೂ ಇಳಿದಾಗಲೂ ನಾವು ಮಾತನಾಡಿದ್ದು ಬಳ್ಳಿಯ ಒಡೆಯನ ಲಾಭನಷ್ಟವನ್ನು. ದಿನವೂ ಬೆಳಗ್ಗೆ ಹೂವು ಮುಟ್ಟಿದ ಬೆರಳುಗಳಿಗೆ ಆ ಮೂರು ಸಾವಿರದಲ್ಲಿ ಎಷ್ಟು ಸಂದಿತು ಎಂಬ ಲೆಕ್ಕವನ್ನು ನಾವೂ ಇಟ್ಟಿಲ್ಲ.

ಎರಡನೆಯದು ಕೋಕೋ. ಜಗತ್ತಿನ ಕೋಕೋದ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿನ ತೋಟಗಳಲ್ಲಿ ಮಕ್ಕಳ ದುಡಿಮೆಯನ್ನು ಕೊನೆಗಾಣಿಸುವುದಾಗಿ ದೊಡ್ಡ ಚಾಕಲೇಟು ಕಂಪನಿಗಳು 2001ರಲ್ಲಿ ಅಮೆರಿಕದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. 2005ರ ಗಡುವು ಮೀರಿತು, ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2020ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ ಸಮೀಕ್ಷೆ ಈ ಎರಡು ದೇಶಗಳಲ್ಲಿ ಸುಮಾರು 15.6 ಲಕ್ಷ ಮಕ್ಕಳು ಕೋಕೋ ಕೆಲಸದಲ್ಲಿ ಬಾಲಕಾರ್ಮಿಕರಾಗಿದ್ದಾರೆಂದು ಹೇಳಿತು. ನಮ್ಮ ಕರಾವಳಿ ಮತ್ತು ಮಲೆನಾಡಿನಲ್ಲಿ ಪರಿಸ್ಥಿತಿ ಹಾಗಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೋ, ಖಾಸಗಿ ಖರೀದಿದಾರರು ಕೈಬಿಟ್ಟ ಕಾಲದಲ್ಲಿ ಕೋಕೋ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆಯನ್ನೂ ಕಟ್ಟಿತು. ಬೆಳೆಗಾರರು ಒಗ್ಗೂಡಿದರೆ ಏನು ಸಾಧ್ಯ ಎಂಬುದಕ್ಕೆ ಇದು ದೊಡ್ಡ ಸಾಕ್ಷಿ. ಹಾಗೆ ಒಗ್ಗೂಡಿ ಪೇಟೆಯನ್ನು ಮಣಿಸಿದವರಿಗೆ ಮುಂದಿನ ಹೆಜ್ಜೆ ಅಸಾಧ್ಯವೇ?

ಕೊಳಗದ ಪಾಠ

ಆ ಹೆಜ್ಜೆಗೆ ನಮ್ಮ ನೆರೆಹೊರೆಯಲ್ಲೇ ಇತಿಹಾಸವಿದೆ. ಸಿದ್ದಾಪುರದ ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘ ಅದರ ಬೆನ್ನಿಗಿತ್ತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಆ ದೊಡ್ಡ ಹೋರಾಟದ ಕಿಡಿ ಹೊತ್ತಿದ್ದು ಒಂದು ಕೊಳಗದಿಂದ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದೆಂಬುದೇ ಗೇಣಿದಾರರ ತಕರಾರು. ಅಳತೆ ಸರಿಯಿರಲಿ ಎಂಬ ಬೇಡಿಕೆಯಿಂದ ಹೊರಟ ದಾರಿ 1974ರ ಭೂಸುಧಾರಣೆಯವರೆಗೆ ನಡೆಯಿತು.

ಪೇಟೆಯ ಅಳತೆಯ ವಿರುದ್ಧವೂ ನಾವು ಹೋರಾಡಿದ್ದೇವೆ. ತೂಕದಲ್ಲಿ, ದಲಾಲಿಯಲ್ಲಿ, ಮುಂಗಡ ಸಾಲದಲ್ಲಿ ಸೋತ ಬೆಳೆಗಾರರು 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಅದಕ್ಕೀಗ ನೂರು ವರ್ಷ ದಾಟಿದೆ. ಟೆಂಡರಿನಲ್ಲಿ ಎಲ್ಲರ ಕಣ್ಣೆದುರು ದರ ನಿಗದಿಯಾಗಬೇಕು, ತೂಕದ ಚೀಟಿ ಕೈಗೆ ಸಿಗಬೇಕು ಎಂಬುದನ್ನು ನಾವು ಹಕ್ಕೆಂದು ಭಾವಿಸುತ್ತೇವೆ. ಅದೇ ಹಕ್ಕನ್ನು ಸುಲಿಯುವ ಹೆಂಗಸಿಗೆ ಕೊಟ್ಟಿದ್ದೇವೆಯೇ? ಅವಳು ಸುಲಿದ ಅಡಿಕೆಯನ್ನು ಅಳೆಯುವ ಡಬ್ಬಿ ಯಾರದು? ಅದು ತುಂಬಿ ಮೇಲೆ ಶಿಖರ ಏರಬೇಕೋ, ಬಾಯಿಮಟ್ಟ ಸಾಕೋ ಎಂದು ತೀರ್ಮಾನಿಸುವವರು ಯಾರು? ಅವಳ ಕೂಲಿ ಬರೆದಿಡುವ ಪುಸ್ತಕವನ್ನು ಅವಳು ಓದಬಲ್ಲಳೇ? ಎಲ್ಲ ಮನೆಗಳಲ್ಲೂ ಮೋಸ ನಡೆಯುತ್ತದೆಂದು ಇಲ್ಲಿ ಹೇಳುತ್ತಿಲ್ಲ. ಬೆಳೆಗಾರನು ವ್ಯಾಪಾರಿಯ ಒಳ್ಳೆಯತನವನ್ನು ನಂಬಿ ಕೂರಲಿಲ್ಲ, ತೂಕದ ಚೀಟಿ ಕೇಳಿದ. ಕೂಲಿಯವಳೂ ಕೇಳಲಿ ಎಂಬುದಷ್ಟೇ ಮಾತು.

ಮರದ ಮೇಲಿನ ಅಪಾಯ

ಅಘನಾಶಿನಿ ಕಣಿವೆಯ ಮೇಲಂಚಿನಲ್ಲಿರುವ ನಿಲ್ಕುಂದದಂಥ ಊರುಗಳಲ್ಲಿ ಮಳೆ ಎಂದರೆ ಏನೆಂದು ಪೇಟೆಯವರಿಗೆ ವಿವರಿಸುವುದು ಕಷ್ಟ. ಕೊಳೆರೋಗ ಬರುವುದೂ ಆ ಮಳೆಯಲ್ಲೇ, ಮದ್ದು ಹೊಡೆಯಬೇಕಾದದ್ದೂ ಆ ಮಳೆಯ ಬಿಡುವಿನಲ್ಲೇ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದ ಕಾಲದಿಂದ ಇಂದಿನವರೆಗೆ ಬೋರ್ಡೋ ದ್ರಾವಣವೇ ನಮ್ಮ ಮುಖ್ಯ ಆಸರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ನಮ್ಮೆಲ್ಲರಿಗೂ ಬಾಯಿಪಾಠ. ಆದರೆ ಪಾಚಿಗಟ್ಟಿದ ಮರಕ್ಕೆ ಕಾಲು ಕೊಟ್ಟು, ಒಂದು ಮರದಿಂದ ಇನ್ನೊಂದಕ್ಕೆ ವಾಲಿ ದಾಟುತ್ತಾ, ಮುಖದ ಮೇಲೆ ಬೀಳುವ ಮದ್ದನ್ನು ತೋಳಿನಿಂದ ಒರೆಸಿಕೊಳ್ಳುವವನ ಲೆಕ್ಕ ಯಾವ ಕೈಪಿಡಿಯಲ್ಲಿದೆ? ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ಹೊಸ ಹೊಸ ಶಿಲೀಂಧ್ರನಾಶಕಗಳು ತೋಟ ಹೊಕ್ಕಿವೆ. ಅವು ಮರಕ್ಕೆ ಎಷ್ಟು ಹಾಕಬೇಕೆಂಬುದನ್ನು ತಿಳಿಸುವ ಸಭೆಗಳು ನಡೆಯುತ್ತಿವೆ. ಸಿಂಪಡಿಸುವವನು ಕೈಗವಸು, ಮುಖಗವಸು ಧರಿಸಿದ್ದಾನೆಯೇ ಎಂದು ನೋಡುವವರು ವಿರಳ.

ಮರದಿಂದ ಬಿದ್ದವನ ಗತಿ ಏನೆಂಬುದನ್ನು ಪ್ರತಿ ಊರಿನವರೂ ಬಲ್ಲರು. ಬೆನ್ನುಹುರಿಗೆ ಪೆಟ್ಟಾದರೆ ಉಳಿದ ಆಯುಸ್ಸು ಚಾಪೆಯ ಮೇಲೆ. ಮೊದಲ ವಾರ ಆಸ್ಪತ್ರೆಗೆ ತೋಟದ ಮನೆಯವರು ಹೋಗಿ ಬರುತ್ತಾರೆ, ಒಂದಿಷ್ಟು ಹಣವನ್ನೂ ಕೊಡುತ್ತಾರೆ. ಆಮೇಲಿನ ವರ್ಷಗಳನ್ನು ಹೆಂಡತಿ ಮಕ್ಕಳು ಹೊರಬೇಕು. ಚಹ, ಕಾಫಿ, ರಬ್ಬರ್, ಏಲಕ್ಕಿಯಂಥ ದೊಡ್ಡ ತೋಟಗಳ ಕಾರ್ಮಿಕರಿಗೆ ಮನೆ, ಔಷಧೋಪಚಾರ, ಶಿಶುವಿಹಾರ ಕೊಡಬೇಕೆಂದು 1951ರಲ್ಲೇ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂತು. ನಮ್ಮ ಸಣ್ಣ ಅಡಿಕೆ ತೋಟಗಳಿಗೆ ಆ ಕಾಯ್ದೆಯ ನೆರಳು ಬೀಳಲಿಲ್ಲ. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಕನಿಷ್ಠ ಕೂಲಿ ಎಲ್ಲ ಬಗೆಯ ದುಡಿಮೆಗೂ ಅನ್ವಯವೆಂದೂ, ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದ ಕೂಡದೆಂದೂ ವೇತನ ಸಂಹಿತೆ ಹೇಳುತ್ತದೆ. ಸಮಾನ ವೇತನದ ಮಾತು 1976ರ ಕಾಯ್ದೆಯಲ್ಲೂ ಇತ್ತು. ಐವತ್ತು ವರ್ಷಗಳ ನಂತರವೂ ‘ಹೆಣ್ಣಾಳಿಗೆ ಇಷ್ಟು, ಗಂಡಾಳಿಗೆ ಇಷ್ಟು’ ಎಂದು ನಾವು ನಾಚಿಕೆಯಿಲ್ಲದೆ ಹೇಳುತ್ತಿರುವುದರಿಂದ ಕಾಗದದ ಕಾನೂನೊಂದೇ ಸಾಲದೆಂಬುದು ಸ್ಪಷ್ಟ.

ಬೆಟ್ಟ ಯಾರದು?

ಪರಿಸರದ ಪತ್ರಿಕೆಗೆ ಕೂಲಿಯ ಮಾತೇಕೆ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಉತ್ತರ ಬೆಟ್ಟದಲ್ಲೇ ಇದೆ.

ಅಡಿಕೆ ತೋಟದ ಎಕರೆಯೊಂದಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವನ್ನು ಬ್ರಿಟಿಷರ ಕಾಲದಿಂದ ನಮ್ಮ ಸೀಮೆಯ ತೋಟಿಗರು ಪಡೆದಿದ್ದಾರೆ. ಆ ಬೆಟ್ಟದ ಸೊಪ್ಪಿಲ್ಲದೆ ಈ ತೋಟಗಳಿಲ್ಲ. ಆದರೆ ಆ ಬೆಟ್ಟವನ್ನು ಹತ್ತಿ ಸೊಪ್ಪು ಕಡಿದು ಹೊತ್ತು ತಂದವರಲ್ಲಿ ಬಹುಪಾಲು ಜನರಿಗೆ ತೋಟವೂ ಇಲ್ಲ, ಬೆಟ್ಟವೂ ಇಲ್ಲ. ಅವರ ಗುಡಿಸಲು ನಿಂತ ಹತ್ತು ಗುಂಟೆಯೂ ಎಷ್ಟೋ ಕಡೆ ಅರಣ್ಯ ಇಲಾಖೆಯ ಕಡತದಲ್ಲಿ ಅತಿಕ್ರಮಣ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅವರು ಅರ್ಜಿ ಹಾಕಿದರು. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಪುರಾವೆ ಕೊಡಬೇಕೆಂಬ ನಿಯಮದೆದುರು ನಮ್ಮ ಜಿಲ್ಲೆಯ ಸಾವಿರಾರು ಅರ್ಜಿಗಳು ಬಿದ್ದುಹೋದವು. ತಲೆಮಾರುಗಳಿಂದ ಬೇರೆಯವರ ಅಂಗಳದಲ್ಲಿ ದುಡಿದವನ ಹೆಸರು ಯಾವ ದಾಖಲೆಯಲ್ಲಿರುತ್ತದೆ?

ಕೊಡಗಿನಲ್ಲಿ ಇದೇ ಕಥೆಯ ಇನ್ನಷ್ಟು ಕಠೋರ ರೂಪವನ್ನು ನಾಡು ನೋಡಿದೆ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬದುಕಿದ ಆದಿವಾಸಿಗಳು ತಮ್ಮದೊಂದು ಸೂರು ಬೇಕೆಂದು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡರು. 2016ರ ಡಿಸೆಂಬರಿನಲ್ಲಿ ಅರಣ್ಯದ ಹೆಸರಿನಲ್ಲಿ ಆ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಯಾವ ಕಾಡು ಅವರ ಹಿರಿಯರದಾಗಿತ್ತೋ ಅದೇ ಕಾಡಿನ ವೈರಿಗಳೆಂದು ಅವರನ್ನು ಕರೆಯಲಾಯಿತು. ನೆರಳಿನಲ್ಲಿ ಬೆಳೆದ, ಹಕ್ಕಿಗಳಿಗೆ ಆಶ್ರಯವಾದ ಕಾಫಿ ಎಂದು ಹೊರದೇಶದ ಗ್ರಾಹಕ ಮೆಚ್ಚಿ ಕುಡಿಯುವಾಗ, ಆ ಮರಗಳ ಕೆಳಗೆ ದುಡಿದವರಿಗೆ ಸ್ವಂತದ ನೆರಳಿಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಅಪ್ಪಿಕೋ ಚಳವಳಿ ನಾಡಿಗೆ ಕೊಟ್ಟಿತು. ಮೊದಲ ಎರಡು ಮಾತುಗಳ ಬಗ್ಗೆ ನಾವು ನಾಲ್ಕು ದಶಕಗಳಿಂದ ಭಾಷಣ ಮಾಡುತ್ತಿದ್ದೇವೆ. ಮೂರನೆಯ ಮಾತನ್ನು ಅಷ್ಟು ಆಳವಾಗಿ ಯೋಚಿಸಿಲ್ಲ. ಬಳಸುವವರು ಯಾರು, ಬಳಕೆಯ ಫಲ ಯಾರಿಗೆ, ಭಾರ ಯಾರ ಹೆಗಲಿಗೆ? ಈ ಪ್ರಶ್ನೆಗಳಿಲ್ಲದೆ ‘ಬಳಸು’ ಎಂಬ ಮಾತು ಪೂರ್ಣವಾಗುವುದಿಲ್ಲ.

ಇದರಲ್ಲಿ ಪ್ರಕೃತಿಯ ಲೆಕ್ಕವೂ ಅಡಗಿದೆ. ಸೊಪ್ಪು ಹೊರುವವರು ಬೇಸತ್ತು ಗೋವಾಕ್ಕೋ ಬೆಂಗಳೂರಿಗೋ ಹೋದರೆ ಬೆಟ್ಟದ ಆರೈಕೆ ನಿಲ್ಲುತ್ತದೆ. ತೋಟಕ್ಕೆ ಚೀಲದ ಗೊಬ್ಬರ ಬರುತ್ತದೆ. ಕರಡದ ಕೊಟ್ಟೆ ಕಟ್ಟಬಲ್ಲವರು ಇಲ್ಲವಾದಾಗ ಕೊಟ್ಟೆಯ ಜಾಗಕ್ಕೆ ರಾಸಾಯನಿಕ ಬರುತ್ತದೆ. ಕಳೆ ಸವರುವ ಕೈ ಇಲ್ಲವಾದಾಗ ಕಳೆನಾಶಕದ ಡಬ್ಬಿ ಬರುತ್ತದೆ. ಅದರ ವಿಷ ಹಳ್ಳಕ್ಕಿಳಿದು ಅಘನಾಶಿನಿಯ ಮೀನಿಗೂ ಮುಟ್ಟುತ್ತದೆ. ಸಾವಯವ ಕೃಷಿ ಎಂಬುದು ಮೂಲತಃ ಹೆಚ್ಚು ಕೈಗಳ ಕೃಷಿ. ಕೈಗಳನ್ನು ಗೌರವಿಸದವರು ಅದನ್ನು ನಡೆಸಲಾರರು.

ಕೇಳಿಬರುವ ಆಕ್ಷೇಪಗಳು

‘ಕೂಲಿ ಈಗಾಗಲೇ ಕೈಗೆಟುಕದಷ್ಟಾಗಿದೆ, ಕೊನೆಗೌಡ ಹೇಳಿದ್ದೇ ದರ’ ಎಂಬುದು ಮೊದಲ ಆಕ್ಷೇಪ. ಹಂಗಾಮಿನ ದಿನಗಳಲ್ಲಿ ಇದು ನಿಜ. ಆದರೆ ಕೊನೆಗೌಡನ ಕೂಲಿ ಏರಿದ್ದು ನಮ್ಮ ಔದಾರ್ಯದಿಂದಲ್ಲ, ಅವನ ಮಕ್ಕಳು ಮರ ಹತ್ತಲು ನಿರಾಕರಿಸಿದ್ದರಿಂದ. ಕೊರತೆಯಿಂದ ಏರಿದ ಕೂಲಿಯಲ್ಲಿ ವಿಮೆಯಿಲ್ಲ, ಮುಪ್ಪಿನ ಆಧಾರವಿಲ್ಲ, ಮಳೆಗಾಲದ ಖಾಲಿ ದಿನಗಳ ಊಟವಿಲ್ಲ. ಅದೂ ಅಲ್ಲದೆ ಸೊಪ್ಪು ಹೊರುವ, ಸುಲಿಯುವ ಹೆಂಗಸರಿಗೆ ಅಂಥ ಚೌಕಾಶಿಯ ಬಲವೂ ಇಲ್ಲ.

‘ಪುಕ್ಕಟೆ ಅಕ್ಕಿ ಸಿಕ್ಕಮೇಲೆ ಜನ ಸೋಮಾರಿಗಳಾದರು’ ಎಂಬುದು ಎರಡನೆಯದು. 2006ರಿಂದ ಹಂತಹಂತವಾಗಿ ಬಂದ ಉದ್ಯೋಗ ಖಾತರಿಯ ಬಗ್ಗೆಯೂ, 2013ರ ಅನ್ನಭಾಗ್ಯದ ಬಗ್ಗೆಯೂ ಇದೇ ದೂರು ಕೇಳಿಬಂತು. ಹಸಿವಿನ ಭಯವಿದ್ದಾಗ ಮಾತ್ರ ಒಬ್ಬ ಮನುಷ್ಯ ನಮ್ಮ ತೋಟಕ್ಕೆ ಬರುತ್ತಾನೆ ಎಂದಾದರೆ ನಾವು ನಾಚಬೇಕಾದದ್ದು ನಮ್ಮ ಬಗ್ಗೆ. ಬೆಂಬಲ ಬೆಲೆ ಕೇಳುವ ಬೆಳೆಗಾರ ಸೋಮಾರಿಯಲ್ಲ. ಅಕ್ಕಿ ಪಡೆಯುವ ಕೂಲಿಕಾರನೂ ಅಲ್ಲ.

‘ಒಂದೆಕರೆ ತೋಟದವನೂ ಬಡವನೇ, ಅವನೆಲ್ಲಿಂದ ಕೊಡಬೇಕು?’ ಎಂಬುದು ಮೂರನೆಯದು. ಇದು ಗಂಭೀರವಾದ ಪ್ರಶ್ನೆ. ಸಣ್ಣ ಬೆಳೆಗಾರ ಒಬ್ಬಂಟಿಯಾಗಿ ಈ ಭಾರ ಹೊರಲಾರ. ಆದ್ದರಿಂದಲೇ ಇದು ಸಂಘದ ಕೆಲಸವಾಗಬೇಕು. ಪೇಟೆಯ ದರವನ್ನು ಒಬ್ಬೊಬ್ಬರೇ ಎದುರಿಸಲಾಗದೆಂದು ಸಹಕಾರ ಸಂಘ ಕಟ್ಟಿದವರು ನಾವು. ಕೂಲಿಕಾರನ ಸುರಕ್ಷೆಯನ್ನೂ ಅದೇ ಸಂಘದ ಮೂಲಕ ಹೊರಬಹುದು.

‘ದೋಟಿ ಬಂದಿದೆ, ಇನ್ನು ಮರ ಹತ್ತುವ ಮಾತೇಕೆ?’ ಎನ್ನುವವರೂ ಇದ್ದಾರೆ. ಕಾರ್ಬನ್ ಫೈಬರ್ ದೋಟಿ ಬಂದದ್ದು ಒಳ್ಳೆಯದೇ ಆಯಿತು. ನೆಲದಲ್ಲಿ ನಿಂತು ಕೊನೆ ಇಳಿಸುವಂತಾದರೆ ಎಷ್ಟೋ ಜೀವ ಉಳಿಯುತ್ತದೆ. ಆದರೆ ಆ ದೋಟಿಯ ಒಡೆಯ ಯಾರಾಗಬೇಕು? ಸಾಲ ಸಹಾಯಧನಗಳು ಕೊನೆಗೌಡನ ಕೈಗೇ ದೋಟಿ ಕೊಡುವಂತಿರಲಿ. ಇಲ್ಲವಾದರೆ ಯಂತ್ರವೂ ತೋಟದವನದು, ತೋಟವೂ ಅವನದು, ದಿನಗೂಲಿ ಮಾತ್ರ ಇವನದು.

ಮಾಡಬೇಕಾದದ್ದು

ಮೊದಲನೆಯದಾಗಿ, ಸಹಕಾರ ಸಂಘಗಳಲ್ಲಿ ವಿಕ್ರಿಯಾಗುವ ಪ್ರತಿ ಕ್ವಿಂಟಲ್ ಅಡಿಕೆಯ ಮೇಲೆ ಬೆಳೆಗಾರ ಮತ್ತು ಖರೀದಿದಾರ ಇಬ್ಬರಿಂದಲೂ ಒಂದು ಸಣ್ಣ ಮೊತ್ತ ಸಂಗ್ರಹವಾಗಲಿ. ಅದು ಮರ ಹತ್ತುವವರ, ಸುಲಿಯುವವರ ವಿಮೆಗೂ ಮುಪ್ಪಿನ ನಿಧಿಗೂ ಮೀಸಲಾಗಲಿ. ಎಲ್ಲೆಲ್ಲಿ ಇಂಥ ಯೋಜನೆಗಳಿವೆಯೋ ಅಲ್ಲಿ ಎಷ್ಟು ಹೆಸರುಗಳು ನೋಂದಾಯಿತವಾಗಿವೆ ಎಂದು ವಾರ್ಷಿಕ ಸಭೆಯಲ್ಲಿ ಓದಿ ಹೇಳಲಿ. ಆ ನಿಧಿಯ ಸಮಿತಿಯಲ್ಲಿ ದುಡಿಯುವವರೇ ಅರ್ಧಕ್ಕಿಂತ ಹೆಚ್ಚು ಇರಲಿ.

ಎರಡನೆಯದಾಗಿ, ಸುಲಿತದ ಅಳತೆ ತೂಕಕ್ಕೆ ಬರಲಿ, ಚೀಟಿ ಕೈಗೆ ಸಿಗಲಿ. ಸರ್ಕಾರ ಪ್ರಕಟಿಸುವ ಕನಿಷ್ಠ ಕೂಲಿಯ ಪಟ್ಟಿಯನ್ನು ಪ್ರತಿ ಸೊಸೈಟಿಯ ಗೋಡೆಗೆ, ಅಡಿಕೆ ದರದ ಫಲಕದ ಪಕ್ಕದಲ್ಲೇ ಅಂಟಿಸಲಿ. ಹೆಣ್ಣಿಗೊಂದು ಗಂಡಿಗೊಂದು ದರ ಈ ವರ್ಷದಿಂದಲೇ ನಿಲ್ಲಲಿ.

ಮೂರನೆಯದಾಗಿ, ಸಾವಯವ ಗುಂಪುಗಳು ಒಬ್ಬರ ತೋಟವನ್ನು ಒಬ್ಬರು ಪರಿಶೀಲಿಸುವಾಗ ಗೊಬ್ಬರದ ಗುಂಡಿಯನ್ನಷ್ಟೇ ನೋಡದೆ ಕೂಲಿಯ ಪುಸ್ತಕವನ್ನೂ ನೋಡಲಿ. ಮಣ್ಣಿಗೆ ವಿಷ ಹಾಕಿದವನಿಗೆ ಪ್ರಮಾಣಪತ್ರ ಇಲ್ಲವೆನ್ನುವ ನಾವು, ಬಿದ್ದವನನ್ನು ಕೈಬಿಟ್ಟವನಿಗೂ ಇಲ್ಲವೆನ್ನಬೇಕು.

ನಾಲ್ಕನೆಯ ಕೆಲಸ ವಿದ್ಯಾರ್ಥಿಗಳದು. ಮುಂದಿನ ರಜೆಯಲ್ಲಿ ನಿಮ್ಮ ಊರಿನ ಮನೆಮನೆಗೆ ಹೋಗಿ ಒಂದು ಪುಸ್ತಕ ಬರೆಯಿರಿ. ಈಗ ಮರ ಹತ್ತುವವರು ಎಷ್ಟು ಜನ, ಅವರ ವಯಸ್ಸೆಷ್ಟು, ಹಿಂದೆ ಬಿದ್ದವರು ಯಾರು, ಅವರ ಮನೆ ಈಗ ಹೇಗೆ ನಡೆಯುತ್ತಿದೆ, ಸುಲಿಯುವವರ ಕೈಗೆ ಏನು ಸೇರುತ್ತಿದೆ? ಮರಗಳ ಗಣತಿ ಮಾಡಿದ್ದೇವೆ, ಹಕ್ಕಿಗಳ ಗಣತಿ ಮಾಡಿದ್ದೇವೆ. ಈ ಗಣತಿಯನ್ನು ಮಾತ್ರ ಯಾರೂ ಮಾಡಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯಿರಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿರಿ.

ಬಂಧುಗಳೇ, ಅಡಿಕೆಯ ದರ ಕುಸಿದಾಗ ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಮುಂದಿನ ಬಾರಿ ಹಾಗೆ ಇಳಿಯುವಾಗ ಕೊನೆಗೌಡನೂ ಸುಲಿಯುವ ಅಕ್ಕನೂ ನಮ್ಮ ಸಾಲಿನಲ್ಲಿ ಇರುವಂತಾಗಲಿ. ಅವರು ಬರಬೇಕಾದರೆ ಆ ದರದಲ್ಲಿ ಅವರಿಗೂ ಪಾಲಿರಬೇಕು. ಪಾಲಿಲ್ಲದವರನ್ನು ಮೆರವಣಿಗೆಗೆ ಕರೆಯುವ ಹಕ್ಕು ನಮಗಿಲ್ಲ.